ಅರ್ಥ ಬಾಯಿಪಾಠ ಮಾಡುವ ಮೊದಲು ಚಿತ್ರದ ಕಥೆ ಹೇಳಿ

ಮೂರು ತಿಂಗಳಿಂದ ಟ್ಯಾರೋ, ಅಂದರೆ ಚಿತ್ರದ ಕಾರ್ಡು ತೆಗೆದು ಶಾಸ್ತ್ರ ಹೇಳುವುದನ್ನು ಕಲಿಯುತ್ತಿದ್ದೀರಿ, 78 ಕಾರ್ಡುಗಳ ಅರ್ಥವನ್ನು ಪುಸ್ತಕ ನೋಡಿ ಉರುಹೊಡೆದಿದ್ದೀರಿ, ಆದರೂ ಎದುರಿಗೆ ಒಬ್ಬರು ಬಂದು ಕುಳಿತ ಕೂಡಲೇ ಎಲ್ಲವೂ ಮರೆತುಹೋಗುತ್ತದೆ; ಕಥೆ ಕಟ್ಟುವ ಅಭ್ಯಾಸದಿಂದ ಇದನ್ನು ಕಲಿಯಬಹುದೇ ಎಂದು ಕೇಳಿದ್ದೀರಿ. ಕಲಿಯಬಹುದು. ನಾನು ಕಲಿತದ್ದೇ ಹಾಗೆ, ಅದೂ ಕೆಲಸಕ್ಕೆಂದು ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ಹೋಗಿಬರುವ ರೈಲಿನಲ್ಲಿ. ಕಾರ್ಡುಗಳು ಭವಿಷ್ಯ ಹೇಳುತ್ತವೆ ಎಂಬ ನಂಬಿಕೆ ನನಗಿಲ್ಲ ಎನ್ನುವುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಂಬಿಕೆ ಇರುವವರಿಗೂ ಈ ಅಭ್ಯಾಸ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಗಿಣಿಶಾಸ್ತ್ರದವರೊಬ್ಬರು ಬರುತ್ತಿದ್ದರು. ಗಿಣಿ ಪಂಜರದಿಂದ ಹೊರಬಂದು ಒಂದು ಕಾರ್ಡನ್ನು ಕೊಕ್ಕಿನಿಂದ ಎಳೆದು ಕೊಟ್ಟು ಒಳಗೆ ಹೋಗುತ್ತಿತ್ತು. ಅದರಲ್ಲಿ ಯಾವುದೋ ದೇವರ ಚಿತ್ರ. ಆತ ಚಿತ್ರವನ್ನು ಒಮ್ಮೆ, ಕೇಳುವವರ ಮುಖವನ್ನು ಒಮ್ಮೆ ನೋಡಿ, ರಾಮ ಕಾಡಿಗೆ ಹೊರಟ ಕಥೆಯಿಂದ ಆರಂಭಿಸಿ ನಮ್ಮ ಪಕ್ಕದ ಮನೆಯವರ ಸೈಟಿನ ವ್ಯಾಜ್ಯಕ್ಕೆ ಬಂದು ಇಳಿಯುತ್ತಿದ್ದರು. ಕಾರ್ಡಿನ ಅರ್ಥವೆಂದು ಅವರು ಏನನ್ನೂ ಬಾಯಿಪಾಠ ಮಾಡಿಕೊಂಡಿರಲಿಲ್ಲ, ಕಥೆ ಮಾತ್ರ ಕೈಯಲ್ಲಿತ್ತು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ.

ಟ್ಯಾರೋದಲ್ಲಿಯೂ ಈ ದಾರಿಗೆ ಆಧಾರವಿದೆ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಇವು ಕೇವಲ ಆಟದ ಎಲೆಗಳಾಗಿದ್ದವು. ಶಾಸ್ತ್ರ ಹೇಳಲು ವ್ಯಾಪಕವಾಗಿ ಬಳಕೆಯಾದದ್ದು ಹದಿನೆಂಟನೆಯ ಶತಮಾನದ ಫ್ರಾನ್ಸಿನಿಂದ ಈಚೆಗೆ. ಹಳೆಯ ಕಟ್ಟುಗಳಲ್ಲಿ ಬಹುಪಾಲು, ಐದು ಬಟ್ಟಲಿನ ಕಾರ್ಡೆಂದರೆ ಇಸ್ಪೀಟಿನ ಎಲೆಯಂತೆ ಐದು ಬಟ್ಟಲುಗಳು ಮಾತ್ರ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಇಂದು ರೈಡರ್-ವೇಟ್-ಸ್ಮಿತ್ ಎಂದು ಕರೆಯುವ ಕಟ್ಟಿಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ, ಎ. ಇ. ವೇಟ್ ಎಂಬ ಲೇಖಕರ ಯೋಜನೆಯಂತೆ, ಬಟ್ಟಲು, ಕತ್ತಿ, ನಾಣ್ಯ, ಕೋಲು ಎಂಬ ನಾಲ್ಕು ಗುಂಪುಗಳ ಸಣ್ಣ ಕಾರ್ಡುಗಳಿಗೂ ಒಂದೊಂದು ದೃಶ್ಯ ಬರೆದರು. ಆಕೆ ಬಾಲ್ಯದ ಕೆಲವು ವರ್ಷಗಳನ್ನು ಜಮೈಕಾದಲ್ಲಿ ಕಳೆದವರು, ಅಲ್ಲಿನ ಜನಪದ ಕಥೆಗಳ ಸಂಗ್ರಹವನ್ನು 1899ರಲ್ಲಿ ಪ್ರಕಟಿಸಿದವರು, ಜನರ ಮುಂದೆ ಕಥೆ ಹೇಳುತ್ತಿದ್ದವರು, ರಂಗಭೂಮಿಗೂ ದುಡಿದವರು. ಕಥೆಗಾರ್ತಿಯೊಬ್ಬರು ಬರೆದ ಚಿತ್ರಗಳನ್ನು ನಾವು ಮಗ್ಗಿಯಂತೆ ಕಲಿಯಲು ಹೊರಟರೆ ಅವು ತಲೆಗೆ ಹತ್ತದಿರುವುದು ಸಹಜವೇ. ನೀವು ಕಲಿಯುತ್ತಿರುವ ಕಟ್ಟು ಇದಲ್ಲದಿದ್ದರೆ, ಅಭ್ಯಾಸಕ್ಕಾದರೂ ಇದನ್ನೇ ಇಟ್ಟುಕೊಳ್ಳಿ.

ಮೊದಲ ಅಭ್ಯಾಸ ಬಹಳ ಚಿಕ್ಕದು. ರೈಲು ಕ್ಯಾತಸಂದ್ರ ಬಿಟ್ಟ ಮೇಲೆ ಹಿರೇಹಳ್ಳಿ ಬರುವವರೆಗೆ, ಫೋನಿನಲ್ಲಿ ಯಾರಿಗೋ ವಿವರಿಸುವಂತೆ, ಕಾರ್ಡಿನಲ್ಲಿ ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳಿಕೊಳ್ಳುವುದು ನನ್ನ ನಿಯಮವಾಗಿತ್ತು. ದುಃಖ, ಆಸೆ, ಮೋಸ ಎಂಬ ಪದಗಳನ್ನು ಬಳಸುವಂತಿಲ್ಲ. ಐದು ಬಟ್ಟಲಿನ ಕಾರ್ಡಿನಲ್ಲಿ ಕಪ್ಪು ನಿಲುವಂಗಿ ಹೊದ್ದವನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ, ಮುಂದೆ ಮೂರು ಬಟ್ಟಲುಗಳು ಉರುಳಿವೆ, ಆಚೆಗೆ ಒಂದು ಹೊಳೆ, ಅದಕ್ಕೊಂದು ಸೇತುವೆ. ಒಂದು ಬೆಳಿಗ್ಗೆ ನಾನು ಇದನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ತಿರುಕ್ಕೊಂಡು ನೋಡು ಅನ್ನವ್ವ ಅವ್ನಿಗೆ, ಹಿಂದೆ ಇನ್ನೂ ಎರಡು ನಿಂತವೆ" ಎಂದರು. ಪುಸ್ತಕ ಅರ್ಧ ಪುಟದಲ್ಲಿ ವಿವರಿಸುವುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಆ ಕಾರ್ಡಿನ ಅರ್ಥವನ್ನು ನಾನು ಮತ್ತೆಂದೂ ಪುಸ್ತಕದಲ್ಲಿ ಹುಡುಕಬೇಕಾಗಿ ಬಂದಿಲ್ಲ.

ಕಂಡದ್ದನ್ನು ಹೇಳುವುದು ರೂಢಿಯಾದ ಮೇಲೆ ಈ ದೃಶ್ಯಕ್ಕೆ ಮೊದಲು ಏನು ನಡೆಯಿತು, ಮುಂದೇನು ನಡೆಯುತ್ತದೆ ಎಂದು ಒಂದೊಂದು ವಾಕ್ಯ ಸೇರಿಸಿ. ಆಮೇಲೆ ಕಥೆ ಹೇಳುವವರನ್ನು ಬದಲಿಸಿ. ಆರು ಕತ್ತಿಯ ಕಾರ್ಡಿನಲ್ಲಿ ಅಂಬಿಗನೊಬ್ಬ ಹೆಂಗಸನ್ನೂ ಮಗುವನ್ನೂ ದೋಣಿಯಲ್ಲಿ ದಾಟಿಸುತ್ತಿದ್ದಾನೆ, ದೋಣಿಯಲ್ಲಿ ಆರು ಕತ್ತಿಗಳು ನೆಟ್ಟಿವೆ. ಹೆಂಗಸು ಹೇಳಿದರೆ ಅದು ಊರು ಬಿಟ್ಟ ಕಥೆ. ಅಂಬಿಗ ಹೇಳಿದರೆ, ಕೇಳದೆಯೇ ಕೊಟ್ಟ ನೆರವಿನ ಕಥೆ, ಇಲ್ಲವೇ ಅವನಿಗೆ ಅದು ದಿನನಿತ್ಯದ ಬಾಡಿಗೆ ಮಾತ್ರ. ಮಗು ಹೇಳಿದರೆ, ತನ್ನನ್ನು ಯಾರೂ ಕೇಳದೆ ಕರೆದುಕೊಂಡು ಹೊರಟ ಕಥೆ. ಒಂದು ಕಾರ್ಡಿಗೆ ಪುಸ್ತಕಗಳು ಪರಸ್ಪರ ಹೊಂದದ ನಾಲ್ಕು ಅರ್ಥಗಳನ್ನು ಏಕೆ ಕೊಡುತ್ತವೆ ಎಂಬ ಗೊಂದಲ ನನಗೆ ಬಗೆಹರಿದದ್ದು ಈ ಅಭ್ಯಾಸದಿಂದ. ಎದುರಿಗೆ ಕುಳಿತವರು ಆ ದೋಣಿಯಲ್ಲಿ ಯಾರು ಎಂದು ಅವರನ್ನೇ ಕೇಳಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ನೀವು ಮರೆತುಹೋಗುತ್ತದೆ ಎನ್ನುತ್ತಿರುವ ತೊಂದರೆ ಬಹುಶಃ ಒಂಟಿ ಕಾರ್ಡಿನದಲ್ಲ, ಕಾರ್ಡಿನಿಂದ ಕಾರ್ಡಿಗೆ ದಾಟುವ ಜಾಗದ್ದು. ಅದಕ್ಕೆ ನಾನು ಶಾಲೆಯ ವ್ಯಾಕರಣದಿಂದ ಒಂದು ಉಪಾಯ ತೆಗೆದುಕೊಂಡೆ. ಮೂರು ಕಾರ್ಡುಗಳನ್ನು ಸಾಲಾಗಿ ಇಟ್ಟು, ನಡುವೆ "ಆದ್ದರಿಂದ", "ಆದರೂ", "ಅಷ್ಟರಲ್ಲಿ" ಎಂಬ ಪದಗಳನ್ನು ಬದಲಿಸುತ್ತಾ ಹೋಗುವುದು. ಒಮ್ಮೆ ಎಂಟು ನಾಣ್ಯ, ಸಿಡಿಲು ಬಡಿದ ಗೋಪುರ, ದೀಪ ಹಿಡಿದು ಬೆಟ್ಟದ ತುದಿಯಲ್ಲಿ ನಿಂತ ಸನ್ಯಾಸಿ ಬಂದಿದ್ದವು. "ಅವನು ಕುಳಿತು ನಾಣ್ಯ ಕೆತ್ತುತ್ತಿದ್ದ, ಅಷ್ಟರಲ್ಲಿ ಗೋಪುರಕ್ಕೆ ಸಿಡಿಲು ಬಡಿಯಿತು, ಆದ್ದರಿಂದ ದೀಪ ಹಿಡಿದು ಬೆಟ್ಟ ಹತ್ತಿದ" ಎಂದರೆ ಹೊರಗಿನಿಂದ ಬಂದ ಆಪತ್ತು. "ಅವನು ತಲೆ ಎತ್ತದೆ ಕೆತ್ತುತ್ತಲೇ ಇದ್ದ, ಆದ್ದರಿಂದ ಗೋಪುರ ಬಿರುಕು ಬಿಟ್ಟದ್ದು ಕಾಣಲಿಲ್ಲ, ಆದರೂ ದೀಪವನ್ನು ಮಾತ್ರ ಉಳಿಸಿಕೊಂಡ" ಎಂದರೆ ಅವನೇ ತಂದುಕೊಂಡದ್ದು. ಮೂರು ಚಿತ್ರಗಳೂ ಅವೇ, ಕಥೆ ಮಾತ್ರ ಬೇರೆ. ದಾಬಸ್‌ಪೇಟೆಯಿಂದ ದೊಡ್ಡಬೆಲೆ ಬರುವಷ್ಟರಲ್ಲಿ ಒಂದೇ ಸಾಲಿಗೆ ನಾಲ್ಕು ಕಥೆಗಳಾದರೂ ಆಗುತ್ತಿದ್ದವು. ಒಂದು ತಿಂಗಳು ಇದೊಂದನ್ನೇ ಮಾಡಿ. ಉಳಿದುದನ್ನು ಬಿಟ್ಟರೂ ನಷ್ಟವಿಲ್ಲ.

ರಾಜ, ರಾಣಿ, ಸವಾರ, ಸೇವಕ ಎಂಬ 16 ಕಾರ್ಡುಗಳು ಎಲ್ಲರನ್ನೂ ಕಾಡುತ್ತವೆ, ಏಕೆಂದರೆ ಅವುಗಳಲ್ಲಿ ಘಟನೆ ಕಡಿಮೆ. ಅವಕ್ಕೆ ಪರಿಚಿತರ ಮುಖ ಕೊಟ್ಟುಬಿಡಿ. ನನ್ನ ಕತ್ತಿಯ ರಾಣಿ ನಮ್ಮ ಸೋದರತ್ತೆ: ಮಾತು ಖಡಕ್ಕು, ಲೆಕ್ಕ ಸರಿ.

ಒಂದು ಎಚ್ಚರಿಕೆಯನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ನನ್ನಿಂದಲೇ ಆಗಿದೆ. ಕಥೆ ಕಟ್ಟುವುದು ಸಲೀಸಾದ ದಿನಗಳಲ್ಲಿ ಮಧುಗಿರಿ ಕಡೆಯ ನಮ್ಮ ದೊಡ್ಡಪ್ಪನ ಮಗ, ತೋಟದಲ್ಲಿ ಇನ್ನೊಂದು ಕೊಳವೆಬಾವಿ ಕೊರೆಸಬಹುದೇ ಎಂದು ಕೇಳಿದರು. ಬಂದದ್ದು ಬಟ್ಟಲಿನ ಎಕ್ಕ: ಮೋಡದಿಂದ ಚಾಚಿದ ಕೈ, ಅಂಗೈ ಮೇಲೆ ತುಂಬಿ ಹರಿಯುತ್ತಿರುವ ಬಟ್ಟಲು. ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ನೀರು ನೋಡುವವರನ್ನು ಕಂಡು ಬೆಳೆದ ನನಗೆ ಆ ಚಿತ್ರದಿಂದ ಬೇರೆ ಕಥೆ ಹುಟ್ಟಲು ಸಾಧ್ಯವೇ ಇರಲಿಲ್ಲ. ನೀರು ಉಕ್ಕುವುದನ್ನು ನಾನು ಎಷ್ಟು ಚೆನ್ನಾಗಿ ವರ್ಣಿಸಿದೆನೆಂದರೆ, ಅಣ್ಣ ಮರುವಾರವೇ ಲಾರಿ ಕರೆಸಿದರು. ಒಂಬೈನೂರು ಅಡಿ ಕೊರೆದರೂ ಬಂದದ್ದು ಬಿಳಿ ದೂಳು. ಕಾರ್ಡು ಎಂದೂ ನೀರು ಇದೆ ಎಂದಿರಲಿಲ್ಲ. ಹಾಗೆಂದದ್ದು ನನ್ನ ನಾಲಿಗೆ. ಸಾಲದ ಕಂತು ತೀರುವವರೆಗೆ ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋವು ಕೊಟ್ಟದ್ದು. ಅಂದಿನಿಂದ ಬೇರೆಯವರಿಗೆ ಹೇಳುವ ಕಥೆಯ ಕೊನೆಯ ವಾಕ್ಯವನ್ನು ನಾನು ಹೇಳುವುದಿಲ್ಲ, ಅವರಿಂದಲೇ ಹೇಳಿಸುತ್ತೇನೆ. ಹಣ, ಕಾಯಿಲೆ, ಕೋರ್ಟು ಇವುಗಳ ಪ್ರಶ್ನೆಗೆ ಕಾರ್ಡನ್ನೇ ತೆಗೆಯುವುದಿಲ್ಲ.

ಪುಸ್ತಕವನ್ನು ಎಸೆಯಬೇಡಿ, ಎರಡು ತಿಂಗಳು ಕಪಾಟಿನಲ್ಲಿಡಿ. ನಿಮ್ಮ ಕಥೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕಾರ್ಡಿಗೊಂದು ಪುಟದಂತೆ ಬರೆಯುತ್ತಾ ಬಂದು, ಆಮೇಲೆ ಪುಸ್ತಕದ ಅರ್ಥವನ್ನು ಬೇರೆ ಬಣ್ಣದ ಶಾಯಿಯಲ್ಲಿ ಪಕ್ಕಕ್ಕೆ ಬರೆಯಿರಿ. ನನಗೆ ಬಹಳಷ್ಟು ಪುಟಗಳಲ್ಲಿ ಎರಡೂ ಹತ್ತಿರವೇ ಇದ್ದವು. ಹೊಂದದ ಪುಟಗಳಲ್ಲಿ ಚಿತ್ರದ ಯಾವುದೋ ಮೂಲೆಯನ್ನು ನಾನು ನೋಡದೆ ಬಿಟ್ಟಿರುತ್ತಿದ್ದೆ. ಆರಂಭಕ್ಕೆ ಘಟನೆ ತುಂಬಿರುವ ಕಾರ್ಡುಗಳನ್ನು ಆರಿಸಿಕೊಳ್ಳಿ: ಐದು ಕತ್ತಿಗಳನ್ನು ಅಪ್ಪಿಕೊಂಡು ತುದಿಗಾಲಿನಲ್ಲಿ ನಡೆಯುವವನಿರುವ ಏಳು ಕತ್ತಿ, ಬೆಳಕಿರುವ ಕಿಟಕಿಯ ಕೆಳಗೆ ಹಿಮದಲ್ಲಿ ಸಾಗುವ ಇಬ್ಬರು ಬಡವರಿರುವ ಐದು ನಾಣ್ಯ, ಹತ್ತು ಕೋಲುಗಳ ಹೊರೆ ಹೊತ್ತು ಊರ ಕಡೆ ಬಾಗಿ ನಡೆಯುವವನ ಕಾರ್ಡು. ಅಸ್ಥಿಪಂಜರ ಕುದುರೆಯೇರಿ ಬರುವ ಸಾವಿನ ಕಾರ್ಡನ್ನು ರೈಲಿನಲ್ಲಿ ಹೊರತೆಗೆಯಬೇಡಿ. ಒಮ್ಮೆ ತೆಗೆದಾಗ ಎದುರಿನ ಸೀಟಿನವರು ಸೋಲದೇವನಹಳ್ಳಿಯಲ್ಲೇ ಎದ್ದು ಬೇರೆ ಬೋಗಿಗೆ ಹೋದರು.