ದಾಯಾದಿಯ ತೋಟ ಹಾಳಾದರೆ ಖುಷಿಪಡಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ದೊಡ್ಡಪ್ಪನ ಮಗ ಬೇಲಿ ಸರಿಸಿ ನಮ್ಮ ಜಾಗ ಒಳಗೆ ಹಾಕಿಕೊಂಡ, ಮೇಲಿಂದ ನಮ್ಮ ಮೇಲೇ ಕೇಸು ಹಾಕಿದ. ಈಗ ಅವನ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಅರ್ಧಕ್ಕರ್ಧ ಹೋಗಿದೆ. ಕೇಳಿ ಒಳಗೊಳಗೇ ಖುಷಿಯಾಯಿತು. ‘ಅನುಭವಿಸಲಿ ಬಿಡು’ ಅಂದೆ. ಹೆಂಡತಿ ಬೈದಳು. ನನ್ನದು ತಪ್ಪಾ ಸಾರ್?

ಉತ್ತರ: ಸುದ್ದಿ ಕಿವಿಗೆ ಬಿದ್ದಾಗ ಆದ ಖುಷಿಗೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅನ್ಯಾಯ ಆದವರಿಗೆ ಹಾಗೆ ಅನಿಸುತ್ತದೆ. ಆದರೆ ಬಾಯಿಬಿಟ್ಟು ಹೇಳಿದಿರಲ್ಲ, ಅಲ್ಲಿಂದ ಮುಂದಿನದು ನಿಮ್ಮ ಕೈಲಿದೆ. ಇವತ್ತು ಮನೆಯಲ್ಲಿ ಹೇಳಿದ್ದನ್ನು ನಾಳೆ ಸೊಸೈಟಿ ಹತ್ತಿರ ಹೇಳುತ್ತೀರಿ, ನಾಡಿದ್ದು ಮದುವೆಮನೆಯಲ್ಲಿ, ಕೇಳುವವರು ತಲೆದೂಗಿದಷ್ಟೂ ರುಚಿ ಜಾಸ್ತಿಯಾಗಿ ಕೊನೆಗೆ ಅವರ ತೋಟದಲ್ಲಿ ಇನ್ನೆಷ್ಟು ಮರ ಹೋಯಿತು ಅಂತ ವಿಚಾರಿಸುವುದೇ ಕೆಲಸವಾಗುತ್ತದೆ. ನಿಮ್ಮ ಮನೆಯವರು ಬೈದದ್ದು ಒಳ್ಳೆಯದೇ ಆಯಿತು.

ಹಾಗಂತ ಕ್ಷಮಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ನಡೆದು ಹೋಗುವಾಗ ಅಭಿಮನ್ಯುವಿನ ಶವ ಕಾಣುತ್ತದೆ. ಶತ್ರುವಿನ ಮಗ. ತನ್ನ ಮಗ ಲಕ್ಷಣಕುಮಾರನನ್ನು ಕೊಂದವನು. ಆದರೂ ದುರ್ಯೋಧನ ಹಿಗ್ಗುವುದಿಲ್ಲ. ಆ ಹುಡುಗನ ಪರಾಕ್ರಮ ಹೊಗಳಿ, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಛಲ ಬಿಟ್ಟನಾ? ಇಲ್ಲ. ಆಮೇಲೂ ಭೀಮನ ಎದುರು ಗದೆ ಹಿಡಿಯುತ್ತಾನೆ. 10ನೇ ಶತಮಾನದ ನಮ್ಮ ಕವಿಯೊಬ್ಬ ಈ ಮಾತನ್ನು ದುರ್ಯೋಧನನ ಬಾಯಲ್ಲಿ ಹೇಳಿಸಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ನೀವೂ ಕೇಸು ಬಿಡಬೇಡಿ. ಸರ್ವೆ ಮಾಡಿಸಿ, ನಿಮ್ಮ ಜಾಗ ವಾಪಸ್ ಪಡೆಯಿರಿ. ಆದರೆ ರೋಗವನ್ನು ಅವರಿಗೆ ಬಂದ ಶಿಕ್ಷೆ ಅಂತ ಲೆಕ್ಕ ಹಾಕಬೇಡಿ. ಶೃಂಗೇರಿ, ಕೊಪ್ಪದಲ್ಲಿ ಯಾರ ಬೇಲಿಯನ್ನೂ ಮುಟ್ಟದವರ ತೋಟಕ್ಕೂ ಅದು ಬಂದಿದೆ, ಅಲ್ವಾ? ಅಡಿಕೆ ತೋಟ ಮತ್ತೆ ಎಬ್ಬಿಸಲು ಎಷ್ಟು ವರ್ಷ ಬೇಕು ಅಂತ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಎಲೆಚುಕ್ಕಿ ಶಿಲೀಂಧ್ರದ ರೋಗ, ಗಾಳಿಮಳೆಯಲ್ಲಿ ಹರಡುತ್ತದೆ. ರೋಗ ಬಂದ ಸೋಗೆ ಕತ್ತರಿಸಿ ಸುಟ್ಟು, ಅಕ್ಕಪಕ್ಕದವರೆಲ್ಲ ಒಟ್ಟಿಗೆ ಔಷಧಿ ಹೊಡೆಯಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದೇ ಕಷ್ಟ, ಹಾಗಾಗಿ ನಿಮ್ಮಲ್ಲಿಗೆ ಬಂದಾಗ ದಾಯಾದಿಯ ತೋಟಕ್ಕೂ ಹೋಗಿ ಬರಲು ಹೇಳಿ. ಮಾತು ಬಿಟ್ಟಿದ್ದರೆ ನಿಮ್ಮ ಮನೆಯವರೇ ಹೇಳಿ ಕಳಿಸಲಿ.