ಲಿನಕ್ಸ್ ಡೆಸ್ಕ್‌ಟಾಪ್‌ಗೆ ಅಂತಲೇ ಒಂದು ಆಪ್ ಸ್ಟೋರ್ ಯಾಕಿಲ್ಲ? ಫೈನಲ್ ಇಯರ್ ಪ್ರಾಜೆಕ್ಟಿಗೆ ಅದನ್ನ ಮಾಡ್ಬಹುದಾ?

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇದೆ. ಪ್ಲೇ ಸ್ಟೋರ್ ತರ ಲಿನಕ್ಸಿಗೆ ಎಲ್ಲರಿಗೂ ಒಂದೇ ಸ್ಟೋರ್ ಎಂತಕ್ಕೆ ಇಲ್ಲ ಅಂತ ಒಂದು, ಕಾರವಾರದ ಕಾಲೇಜಲ್ಲಿ ಓದೂ ನಾಲ್ಕು ಜನ ಸೇರಿ ಅಂಥದ್ದೊಂದನ್ನ ಕಟ್ಟಬಹುದಾ ಅಂತ ಇನ್ನೊಂದು. ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡವ, ಹಳೇ ಮಷೀನುಗಳಿಗೆ ಲಿನಕ್ಸ್ ಮಿಂಟ್ ಹಾಕಿ ಕೊಡೂದು ದಿನದ ಕೆಲ್ಸ, ಗಿರಾಕಿ ಸ್ಟೋರ್ ತೆಗೆದು ಎಲ್ಲಿ ಸಿಕ್ಕಿಹಾಕ್ಕೊಳ್ತಾರೆ ಅಂತ ಪಕ್ಕದಲ್ಲೇ ಕೂತು ನೋಡ್ತೇನೆ. ಆ ಅನುಭವದಿಂದ ಹೇಳೂದು: ಆಪ್ ಬಿಲ್ಡ್ ಮಾಡಿ, ಇಟ್ಟು, ಹಂಚೂ ಸರ್ವರ್ ಭಾಗಕ್ಕೆ ಕೈ ಹಾಕ್ಬೇಡಿ, ಅದು ಆಗಲೇ ಇದೆ. ಜನರ ಕಣ್ಣಿಗೆ ಕಾಣೂ ಭಾಗ ಮಾಡಿ, ಕನ್ನಡದಲ್ಲಿ ಮಾಡಿ, ನೆಟ್ ಸರಿ ಇಲ್ಲದ ಊರಲ್ಲೂ ನಡೆಯೂ ಹಾಗೆ ಮಾಡಿ.

ಸ್ಟೋರ್ ಯಾರೂ ಮಾಡೇ ಇಲ್ಲ ಅಂತಲ್ಲ ಮಾರಾಯ್ರೆ. 2009ರಲ್ಲೇ ಉಬುಂಟು 9.10 ಜೊತೆ ಸಾಫ್ಟ್‌ವೇರ್ ಸೆಂಟರ್ ಬಂತು, ಮರುವರ್ಷ 10.10ರಲ್ಲಿ ದುಡ್ಡು ಕೊಟ್ಟು ತಗೊಳ್ಳೂ ಆಪ್‌ಗಳೂ ಬಂದ್ವು, ಆದ್ರೆ ಅದು ಉಬುಂಟುಗೆ ಮಾತ್ರ, 2016ರಲ್ಲಿ 16.04 ಬರೂವಾಗ ಅದನ್ನ ತೆಗೆದು ಗ್ನೋಮ್ ಸಾಫ್ಟ್‌ವೇರ್ ಅನ್ನೂ ಬೇರೆ ಸ್ಟೋರ್ ಹಾಕಿದ್ರು. ಎಲಿಮೆಂಟರಿ ಓಎಸ್‌ನವರು 2017ರಲ್ಲಿ ಆಪ್‌ಸೆಂಟರ್ ತಂದು, ನಿಮಗೆ ಎಷ್ಟು ಕೊಡ್ಬೇಕು ಅನ್ಸ್ತದೋ ಅಷ್ಟು ಕೊಡಿ ಅಂದ್ರು, ಒಳ್ಳೇ ಯೋಚನೆ, ಆದ್ರೆ ಅದೂ ಅವರ ಓಎಸ್ ಒಳಗೇ ಉಳೀತು. ಚಂದ ಇರೂ ಸ್ಟೋರ್ ಮಾಡೂದು ಯಾವತ್ತೂ ಕಷ್ಟದ ಕೆಲ್ಸ ಆಗಿರ್ಲಿಲ್ಲ, ಒಂದೇ ಆಪ್ ಎಲ್ಲಾ ಡಿಸ್ಟ್ರೋದಲ್ಲೂ, ಅಂದ್ರೆ ಉಬುಂಟು, ಮಿಂಟ್, ಡೆಬಿಯನ್ ತರದ ಬೇರೆ ಬೇರೆ ಲಿನಕ್ಸಲ್ಲೂ, ಓಡಿಸೂದು ಕಷ್ಟ.

ಎಂತಕ್ಕೆ ಕಷ್ಟ ಅಂತ ನೀವೇ ಲ್ಯಾಬಲ್ಲಿ ನೋಡ್ಬಹುದು. ಉಬುಂಟು 24.04ರಲ್ಲಿ ಒಂದು ಸಿ ಪ್ರೋಗ್ರಾಂ ಬಿಲ್ಡ್ ಮಾಡಿ, ಆ ಫೈಲನ್ನ ಹಾಗೇ ಡೆಬಿಯನ್ 12 ಇರೂ ಮಷೀನಿಗೆ ಹಾಕಿ ಓಡಿಸಿ. ಎಷ್ಟೋ ಸಲ ಜಿಲಿಬ್‌ಸಿ (ಹೆಚ್ಚಿನ ಪ್ರೋಗ್ರಾಂಗಳಿಗೂ ಬೇಕಾಗೂ ಮೂಲ ಲೈಬ್ರರಿ) 2.38 ಸಿಗ್ಲಿಲ್ಲ ಅಂತ ಒಂದು ಸಾಲು ಬಂದು ಅಲ್ಲಿಗೇ ನಿಲ್ತದೆ. ಉಬುಂಟುದಲ್ಲಿ ಇರೂದು 2.39, ಡೆಬಿಯನ್ 12ರಲ್ಲಿ 2.36, ಹೊಸದ್ರಲ್ಲಿ ಕಟ್ಟಿದ್ದು ಹಳೇದ್ರಲ್ಲಿ ಓಡೂದಿಲ್ಲ. ಇದು ಒಂದು ಲೈಬ್ರರಿ ಕಥೆ, ಒಂದು ಆಪಿಗೆ ಇಂಥವು ಹತ್ತಾರು ಬೇಕು, ಮೇಲಿಂದ ಒಬ್ಬರಿಗೆ ಡೆಬ್ ಪ್ಯಾಕೇಜ್ ಬೇಕು, ಇನ್ನೊಬ್ಬರಿಗೆ ಆರ್‌ಪಿಎಂ ಪ್ಯಾಕೇಜ್ ಬೇಕು. ಒಬ್ಬನೇ ಕೂತು ಆಪ್ ಬರೆಯೂ ಡೆವಲಪರ್ ಇಷ್ಟೆಲ್ಲಾ ಎಲ್ಲಿ ಮಾಡ್ತಾನೆ.

ಫ್ಲಾಟ್‌ಪ್ಯಾಕ್ ಇದನ್ನೇ ಬಿಡಿಸ್ಲಿಕ್ಕೆ ಬಂದದ್ದು. ಮೊದಲು ಇದರ ಹೆಸರು ಎಕ್ಸ್‌ಡಿಜಿ-ಆಪ್, 2016ರಲ್ಲಿ ಫ್ಲಾಟ್‌ಪ್ಯಾಕ್ ಆಯ್ತು. ಲೈಬ್ರರಿಗಳನ್ನೆಲ್ಲ ರನ್‌ಟೈಮ್ ಅಂತ ಒಂದು ಕಟ್ಟು ಮಾಡ್ತಾರೆ, ಆಪ್ ಆ ರನ್‌ಟೈಮ್ ಮೇಲೆ ಓಡ್ತದೆ, ಕೆಳಗೆ ಯಾವ ಡಿಸ್ಟ್ರೋ ಇದ್ರೂ ಅದಕ್ಕೆ ಹೆಚ್ಚು ತಲೆಬಿಸಿ ಇಲ್ಲ. ಫ್ರೀಡೆಸ್ಕ್‌ಟಾಪ್ ರನ್‌ಟೈಮ್ ವರ್ಷಕ್ಕೊಂದು ಆಗಸ್ಟಲ್ಲಿ ಬರ್ತದೆ, 23.08, 24.08 ಅಂತ ನಂಬರ್ ಇರೂದು ಅದಕ್ಕೇ. ಆಪನ್ನ ಬಬಲ್‌ರ‍್ಯಾಪ್ ಅನ್ನೂದ್ರಿಂದ ಬೇರೆ ಮಾಡಿ ಇಡ್ತಾರೆ, ಫೋಲ್ಡರಿನ ಅನುಮತಿ ಮೊದಲೇ ಇಲ್ಲದ ಆಪ್ ಫೈಲ್ ಬೇಕಾದ್ರೆ ಪೋರ್ಟಲ್ ಅನ್ನೂ ನಡುವಿನ ದಾರಿ ಮೂಲಕ ಕೇಳ್ಬೇಕು, ನೀವು ಆರಿಸಿದ ಫೈಲ್ ಮಾತ್ರ ಸಿಗೂದು. ಮಷೀನಲ್ಲಿ ಹಾಕಿದ ಕನ್ನಡ ಫಾಂಟುಗಳು ಆಪ್ ಒಳಗೂ ಕಾಣ್ತಾವೆ, ನಮ್ಮವರಿಗೆ ಇದು ಸಣ್ಣ ವಿಷಯ ಅಲ್ಲ. ಈ ಆಪ್‌ಗಳನ್ನ ಸೇರಿಸಿ ಹಂಚೂದು ಫ್ಲಾಟ್‌ಹಬ್, ಅವರ ವೆಬ್‌ಸೈಟಿನ ಕೋಡೂ ಓಪನ್. ಇದೇ ತರದ್ದು ಸ್ನ್ಯಾಪ್ ಕೂಡ ಇದೆ, ಆದ್ರೆ ಸ್ನ್ಯಾಪ್ ಸ್ಟೋರಿನ ಸರ್ವರ್ ಕೋಡ್ ಉಬುಂಟು ಮಾಡೂ ಕೆನಾನಿಕಲ್ ಕಂಪನಿ ಹತ್ರ ಮಾತ್ರ, ಅದಕ್ಕೇ 2020ರಲ್ಲಿ ಮಿಂಟ್ 20 ಬರೂವಾಗ ಮಿಂಟಿನವರು ಸ್ನ್ಯಾಪನ್ನ ಹೊರಗಿಟ್ರು. ನೀವು ಕಲಿಲಿಕ್ಕೆ, ಒಳಗೆ ಕೈಯಾಡಿಸ್ಲಿಕ್ಕೆ ಫ್ಲಾಟ್‌ಪ್ಯಾಕೇ ಸರಿ.

ಸರ್ವರ್ ಕಟ್ಟಬೇಡಿ ಅಂದದ್ದಕ್ಕೆ, ಅದು ಆಗಲೇ ಇದೆ ಅನ್ನೂದಲ್ಲದೆ, ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಶಿರಸಿ ಸೊಸೈಟಿಗೆ ಅಡಿಕೆ ಮೂಟೆ ಬಂದ್ರೆ ಚಾಲಿ, ರಾಶಿ, ಬೆಟ್ಟೆ ಅಂತ ಬೇರೆ ಮಾಡಿದ್ಮೇಲೇ ಟೆಂಡರಿಗೆ ಹೋಗೂದು, ಕೊಳ್ಳುವವ ಬೆಳೆದವನ ಮುಖ ನೋಡಿರೂದಿಲ್ಲ, ಆದ್ರೂ ದರ ಹಾಕ್ತಾನೆ, ಯಾಕಂದ್ರೆ ನಡುವೆ ನೋಡಿದವರು ಇದ್ದಾರೆ. ಸ್ಟೋರ್ ಅಂದ್ರೂ ಅದೇ, ನೋಡುವವರು ಬೇಕು. 2018ರ ಮೇನಲ್ಲಿ ಸ್ನ್ಯಾಪ್ ಸ್ಟೋರಲ್ಲಿ 2048 ಆಟದ ಒಂದು ಆಪ್ ಒಳಗೆ ಕ್ರಿಪ್ಟೋ ಮೈನರ್ (ನಿಮ್ಮ ಮಷೀನ್ ಬಳಸಿ ಯಾರಿಗೋ ಕ್ರಿಪ್ಟೋ ದುಡ್ಡು ಮಾಡೂ ಪ್ರೋಗ್ರಾಂ) ಸಿಕ್ತು, 2023ರಲ್ಲಿ ನಕಲಿ ಕ್ರಿಪ್ಟೋ ವಾಲೆಟ್‌ಗಳು ಸಿಕ್ಕಿದ್ವು, ಆಮೇಲೆ ಹೊಸ ಹೆಸರು ರಿಜಿಸ್ಟರ್ ಆಗೂದನ್ನ ಮನುಷ್ಯರೇ ನೋಡೂ ಹಾಗೆ ಮಾಡಿದ್ರು. ಮಿಂಟ್ 22ರಲ್ಲಿ ವೆರಿಫೈ ಆಗದ, ಅಂದ್ರೆ ಆಪ್ ಬರೆದವರದ್ದೇ ಅಂತ ಖಾತ್ರಿ ಆಗದ, ಫ್ಲಾಟ್‌ಪ್ಯಾಕ್‌ಗಳನ್ನ ಡಿಫಾಲ್ಟಾಗಿ ತೋರ್ಸೂದೇ ಇಲ್ಲ. ನಿಮ್ಮ ನಾಲ್ಕು ಜನರ ಪ್ರಾಜೆಕ್ಟ್ ವೈವಾ ಮುಗಿದ ಮರುದಿನ ಯಾರು ಕೂತು ಹೊಸ ಆಪ್ ನೋಡ್ತಾರೆ, ಸೆಕ್ಯುರಿಟಿ ತೊಂದರೆ ಬಂದಾಗ ಯಾರು ಮತ್ತೆ ಬಿಲ್ಡ್ ಮಾಡ್ತಾರೆ? ಆ ಜವಾಬ್ದಾರಿ ಹೊರಲಿಕ್ಕೆ ಆಗೂದಿಲ್ಲ ಅಂದ್ರೆ ಜನರ ಮಷೀನಿಗೆ ಆಪ್ ಹಾಕೂ ಸರ್ವರ್ ನಡೆಸ್ಬಾರ್ದು.

ಈಗ ನಿಜವಾಗಿ ಎಂತ ಕಮ್ಮಿ ಇದೆ ಅಂತ ಹೇಳ್ತೇನೆ. ಒಂದು ಸೊಸೈಟಿಯ ಗುಮಾಸ್ತರು ಬಂದಿದ್ರು, ಬೆಳೆಸಾಲದ ಪಹಣಿಗಳು ಬೇರೆ ಬೇರೆ ಪಿಡಿಎಫ್ ಆಗಿ ಇದ್ವು, ಒಟ್ಟು ಮಾಡಿ ಒಂದೇ ಫೈಲ್ ಮಾಡ್ಬೇಕು. ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರ್ ತೆಗೆದು ಕನ್ನಡದಲ್ಲಿ "ಪಿಡಿಎಫ್ ಜೋಡಿಸು" ಅಂತ ಟೈಪ್ ಮಾಡಿದ್ರು, ಒಂದೂ ಬರ್ಲಿಲ್ಲ. ಬರೀ "ಪಿಡಿಎಫ್" ಅಂತ ಕನ್ನಡ ಅಕ್ಷರದಲ್ಲಿ ಹಾಕಿದ್ರು, ಅದಕ್ಕೂ ಇಲ್ಲ. ಪಿಡಿಎಫ್ ಅರೇಂಜರ್ ಅಂತ ಆ ಕೆಲಸಕ್ಕೇ ಇರೂ ಒಳ್ಳೇ ಆಪ್ ಅದೇ ಲಿಸ್ಟಲ್ಲಿ ಇತ್ತು. ಬೇಕಾದ್ದು ಇದ್ದೂ ಅವರ ಕಣ್ಣಿಗೆ ಬೀಳ್ಲಿಲ್ಲ, "ಲಿನಕ್ಸಲ್ಲಿ ಇದೆಲ್ಲ ಇಲ್ಲ ಕಾಣ್ತದೆ" ಅಂದ್ರು, ನನಗೆ ನಿಜವಾಗ್ಲೂ ಬೇಜಾರಾಯ್ತು. ಗ್ನೋಮ್ ಸಾಫ್ಟ್‌ವೇರ್, ಕೆಡಿಇ ಡಿಸ್ಕವರ್ ಎರಡೂ ಆಪಿನ ಹೆಸರು, ಎರಡು ಮಾತಿನ ವಿವರ, ಸ್ಕ್ರೀನ್‌ಶಾಟ್ ಎಲ್ಲ ತಗೊಳ್ಳೂದು ಆಪ್‌ಸ್ಟ್ರೀಮ್ ಅನ್ನೂ ಎಕ್ಸ್‌ಎಂಎಲ್ ಫೈಲಿಂದ, ಅದರಲ್ಲಿ ಪ್ರತಿ ಭಾಷೆಗೂ ಬೇರೆ ವಿವರ, ಬೇರೆ ಕೀವರ್ಡ್ ಕೊಡ್ಲಿಕ್ಕೆ ಜಾಗ ಇದೆ. ಕನ್ನಡದ ಜಾಗ ಬಹಳಷ್ಟು ಆಪ್‌ಗಳಲ್ಲಿ ಖಾಲಿ.

ಇನ್ನೊಂದು ನೆಟ್ಟಿನ ವಿಷಯ. ಸಣ್ಣದೊಂದು ಆಪ್ ಹಾಕ್ಲಿಕ್ಕೆ ಹೋದ್ರೂ ಮೊದಲ ಸಲ ರನ್‌ಟೈಮ್ ಅಂತ ನೂರಾರು ಎಂಬಿ ಇಳೀತದೆ. ಬೆಂಗಳೂರಲ್ಲಿ ಕೂತವರಿಗೆ ಇದು ಲೆಕ್ಕಕ್ಕಿಲ್ಲ, ಆದ್ರೆ ಸಿದ್ದಾಪುರ ಬದಿ ಹಳ್ಳಿಯಲ್ಲಿ ಆಷಾಢದ ಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿನೂ ಇಳಿದ್ಮೇಲೆ ಎಂತ ಮಾಡೂದು. ಇದಕ್ಕೆ ಉತ್ತರ ಫ್ಲಾಟ್‌ಪ್ಯಾಕ್ ಒಳಗೇ ಇದೆ, ಜನರಿಗೆ ಗೊತ್ತಿಲ್ಲ ಅಷ್ಟೇ: ಕ್ರಿಯೇಟ್-ಯುಎಸ್‌ಬಿ ಅಂತ ಒಂದು ಕಮಾಂಡ್. ಒಂದು ಮಷೀನಲ್ಲಿ ಇರೂ ಆಪನ್ನ ರನ್‌ಟೈಮ್ ಸಮೇತ ಪೆನ್‌ಡ್ರೈವಿಗೆ ಹಾಕ್ತದೆ, ಇನ್ನೊಂದು ಮಷೀನಲ್ಲಿ ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡ್ಬಹುದು, ಸಹಿ ಚೆಕ್ ಆಗಿಯೇ ಬರೂದು, ಹಾಗಾಗಿ ನಡುವೆ ಯಾರೋ ಆಪನ್ನ ಬದಲಿಸಿದ್ರೆ ಅಂತ ಹೆದರಿಕೆ ಇಲ್ಲ. ರಿಮೋಟಿಗೆ (ಆಪ್ ಬರೂ ಮೂಲಕ್ಕೆ) ಕಲೆಕ್ಷನ್ ಐಡಿ ಅನ್ನೂ ಗುರುತು ಸೆಟ್ ಆಗಿರ್ಬೇಕು, ಫ್ಲಾಟ್‌ಹಬ್ಬಿಗೆ ಅದು ಆರ್ಗ್ ಡಾಟ್ ಫ್ಲಾಟ್‌ಹಬ್ ಡಾಟ್ ಸ್ಟೇಬಲ್. ಇದನ್ನ ಟರ್ಮಿನಲಲ್ಲಿ ಮಾಡಿ ಅಂದ್ರೆ ಗುಮಾಸ್ತರು ಮಾಡೂದಿಲ್ಲ, ಒಂದು ಬಟನ್ ಕೊಟ್ರೆ ಖಂಡಿತ ಮಾಡ್ತಾರೆ. "ಪೆನ್‌ಡ್ರೈವಿಗೆ ಹಾಕು", "ಪೆನ್‌ಡ್ರೈವಿಂದ ತಗೋ", ಈ ಎರಡು ಬಟನ್ ಇರೂ ಸ್ಟೋರ್ ಯಾರಾದ್ರೂ ಮಾಡಿ ಕೊಟ್ರೆ ನನ್ನ ಅಂಗಡಿಯಲ್ಲಿ ನಾಳೆಯಿಂದಲೇ ಇಡ್ತೇನೆ.

ಹಾಗಾಗಿ ನಿಮ್ಮ ಪ್ರಾಜೆಕ್ಟ್ ಹೀಗಿರ್ಲಿ: ಪೈಥಾನ್, ಕಿಟಕಿ-ಬಟನ್ ಮಾಡ್ಲಿಕ್ಕೆ ಜಿಟಿಕೆ 4, ಹಿಂದೆ ಫ್ಲಾಟ್‌ಪ್ಯಾಕಿನದ್ದೇ ಲೈಬ್ರರಿ ಲಿಬ್‌ಫ್ಲಾಟ್‌ಪ್ಯಾಕ್. ಪೈಜಿಆಬ್ಜೆಕ್ಟ್ ಅನ್ನೂ ಪೈಥಾನ್ ಸೇತುವೆ ಮೂಲಕ ಲಿಬ್‌ಫ್ಲಾಟ್‌ಪ್ಯಾಕ್ ನೇರ ಸಿಗ್ತದೆ, ಇನ್‌ಸ್ಟಾಲ್, ಅಪ್‌ಡೇಟ್, ಡಿಲೀಟ್ ಮೂರನ್ನೂ ಅದರ ಟ್ರಾನ್ಸಾಕ್ಷನ್ ಕ್ಲಾಸೇ ನೋಡ್ಕೊಳ್ತದೆ, ಕಮಾಂಡ್ ಔಟ್‌ಪುಟ್ ಓದಿ ಅರ್ಥ ಮಾಡ್ಕೊಳ್ಳೂ ಗೋಜಿಗೆ ಹೋಗ್ಬೇಡಿ. ಎಲ್ಲಾ ಆಪ್ ತೋರಿಸ್ಲಿಕ್ಕೂ ಹೋಗ್ಬೇಡಿ, ಶಾಲೆ, ಸೊಸೈಟಿ, ಡಿಟಿಪಿ ಅಂಗಡಿ, ಮನೆಗೆ ಬೇಕಾಗೂ ಒಂದು ನೂರು ಆರಿಸಿ, ಪ್ರತಿಯೊಂದನ್ನೂ ಓಡಿಸಿ ನೋಡಿ, ಅದಕ್ಕೆ ನಮ್ಮ ಜನ ಮಾತಾಡೂ ಕನ್ನಡದಲ್ಲಿ ವಿವರ ಬರೀರಿ, ಕೀವರ್ಡಲ್ಲಿ ಜೋಡಿಸು, ಸೇರಿಸು, ಒಟ್ಟು ಮಾಡು ಎಲ್ಲಾನೂ ಹಾಕಿ. ಮೊದಲು ಅದು ನಿಮ್ಮ ಆಪಿನ ಒಳಗೇ ಒಂದು ಫೈಲಲ್ಲಿ ಇರ್ಲಿ, ಯಾರ ಒಪ್ಪಿಗೆಗೂ ಕಾಯೂದು ಬೇಡ. ಅದರ ಜೊತೆಗೇ ಮೂಲ ಆಪಿಗೂ ಕಳಿಸಿ, ಆಗ ಬೇರೆ ಸ್ಟೋರಲ್ಲಿ ಹುಡುಕುವವರಿಗೂ ಸಿಗ್ತದೆ. ಗ್ನೋಮ್ ಆಪ್‌ಗಳಿಗೆ ಕನ್ನಡ ಅನುವಾದದ ತಂಡದ ಮೂಲಕ ಹೋಗ್ಬೇಕು, ಬೇರೆ ಎಷ್ಟೋ ಆಪ್‌ಗಳು ವೆಬ್‌ಲೇಟ್ ಅನ್ನೂ ಅನುವಾದದ ವೆಬ್‌ಸೈಟಲ್ಲಿ ಇವೆ, ಅಲ್ಲಿ ಅಕೌಂಟ್ ಮಾಡಿ ಅವತ್ತೇ ಶುರು ಮಾಡ್ಬಹುದು. ಎಕ್ಸ್‌ಎಂಎಲ್ ನೀವೇ ತಿದ್ದಿ ಕಳಿಸೂದಾದ್ರೆ ಫೈಲ್ ಸರಿ ಇದ್ಯಾ ಅಂತ ನೋಡೂ ಆಪ್‌ಸ್ಟ್ರೀಮ್‌ಸಿಎಲ್‌ಐ ವ್ಯಾಲಿಡೇಟ್ ಕಮಾಂಡ್ ಒಮ್ಮೆ ಓಡಿಸಿ ಕಳ್ಸಿ, ಇಲ್ಲದಿದ್ರೆ ಆ ಆಪ್ ನೋಡ್ಕೊಳ್ಳೂ ಮೇಂಟೇನರ್ ವಾಪಸ್ ಕಳಿಸ್ಬಹುದು.