ಬ್ಯಾಕಪ್ ಸರ್ವರ್ ಸರ್ಟಿಫಿಕೇಟ್: ಎಲ್ಲ ವಿಎಂಗೂ ಸಿಎ ಹಾಕಬೇಕಾಗಿಲ್ಲ

ಸರ್, ನೀವು ಬರೆದದ್ದು ಇಷ್ಟು: ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ಗೆ ಸ್ವಂತ ಸಿಎಯಿಂದ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಸರ್ಟಿಫಿಕೇಟ್ ಅಥಾರಿಟಿ) ಹೊಸ ಸರ್ಟಿಫಿಕೇಟ್ ಹಾಕಿದ್ದೀರಿ, ಆಮೇಲೆ ರಾತ್ರಿಯ ಬ್ಯಾಕಪ್ ಫಿಂಗರ್‌ಪ್ರಿಂಟ್ (ಸರ್ಟಿಫಿಕೇಟ್‌ನ ಗುರುತಿನ ಸಂಖ್ಯೆ) ತಾಳೆಯಾಗದೆ ನಿಲ್ಲುತ್ತಿದೆ, ಈಗ ಒಂದೊಂದೇ ವಿಎಂಗೆ (ವರ್ಚುವಲ್ ಮಷೀನ್‌ಗೆ) ಲಾಗಿನ್ ಆಗಿ ಸಿಎ ಫೈಲ್ ಹಾಕುತ್ತಿದ್ದೀರಿ. ಆ ಕೆಲಸ ಸದ್ಯಕ್ಕೆ ಬಿಡಿ.

ಬ್ಯಾಕಪ್ ಸರ್ವರ್ ಜೊತೆ ಮಾತಾಡುತ್ತಿರುವುದು ಯಾರು ಅಂತ ಮೊದಲು ನೋಡಿ. ವಿಎಂಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ವಿಇ ಸಾಫ್ಟ್‌ವೇರ್‌ನ ಶೆಡ್ಯೂಲ್‌ನಿಂದ ಇಡೀ ವಿಎಂ ಬ್ಯಾಕಪ್ ಆಗುತ್ತಿದ್ದರೆ, 8007ನೇ ಪೋರ್ಟ್‌ಗೆ ಕನೆಕ್ಟ್ ಆಗುವುದು ಹೋಸ್ಟ್, ಅಂದರೆ ವಿಎಂಗಳು ಓಡುತ್ತಿರುವ ಯಂತ್ರ. ಒಳಗಿನ ವಿಎಂಗೆ ಆ ಸರ್ಟಿಫಿಕೇಟ್‌ನ ಸುದ್ದಿಯೇ ಇರುವುದಿಲ್ಲ. ವಿಎಂ ಒಳಗೇ ಬ್ಯಾಕಪ್ ಕ್ಲೈಂಟ್ ಹಾಕಿ ಫೈಲ್ ಕಳಿಸುತ್ತಿದ್ದರೆ ಮಾತ್ರ ಆ ವಿಎಂಗೆ ಸಿಎ ಬೇಕು. ನಿಮ್ಮ ವಿವರಣೆ ನೋಡಿದರೆ ಬಹುಪಾಲು ಮೊದಲನೆಯ ಥರದವೇ.

ಹೋಸ್ಟ್‌ನಲ್ಲಿ ಕೆಲಸ ಚಿಕ್ಕದು. ಯುಎಸ್‌ಆರ್, ಲೋಕಲ್, ಶೇರ್ ಒಳಗಿನ ಸಿಎ-ಸರ್ಟಿಫಿಕೇಟ್ಸ್ ಫೋಲ್ಡರ್‌ಗೆ ನಿಮ್ಮ ಸಿಎಯ ರೂಟ್ ಸರ್ಟಿಫಿಕೇಟ್ ಕಾಪಿ ಮಾಡಿ. ಫೈಲ್ ಒಳಗಿನ ಫಾರ್ಮ್ಯಾಟ್ ಪೆಮ್ (ಅಕ್ಷರರೂಪದ್ದು) ಆಗಿರಬೇಕು, ಆದರೆ ಹೆಸರಿನ ಕೊನೆ ಮಾತ್ರ ಸಿಆರ್‌ಟಿ ಎಂದೇ ಇರಬೇಕು, ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್ ಕಮಾಂಡ್ ಕೊಟ್ಟಾಗ '1 ಆ್ಯಡೆಡ್' ಅಂತ ಬಂದರೆ ಸರಿಯಾಯಿತು. ಆಮೇಲೆ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಹಳೆಯ ಫಿಂಗರ್‌ಪ್ರಿಂಟ್ ಅಳಿಸಿ ಖಾಲಿ ಬಿಡಿ. ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಹಲವು ಹೋಸ್ಟ್‌ಗಳು, ಒಂದೊಂದೂ ಒಂದು ನೋಡ್) ಇದ್ದರೆ ಸ್ಟೋರೇಜ್ ಸೆಟ್ಟಿಂಗ್ ಎಲ್ಲ ನೋಡ್‌ಗೂ ತಾನಾಗಿ ಹೋಗುತ್ತದೆ, ಸಿಎ ಫೈಲ್ ಹೋಗುವುದಿಲ್ಲ. ಅದನ್ನು ಪ್ರತಿ ನೋಡ್‌ಗೂ ಹಾಕಬೇಕು.

ಒಂದೇ ಹೋಸ್ಟ್, ಒಂದೇ ಬ್ಯಾಕಪ್ ಸರ್ವರ್ ಇರುವ ಮನೆಗೆ ಸಿಎ ಗೊಡವೆಯೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇನ್‌ಸ್ಟಾಲ್ ಆಗುವಾಗ ಬರುವ ಸೆಲ್ಫ್-ಸೈನ್ಡ್ (ತನಗೆ ತಾನೇ ಸಹಿ ಹಾಕಿಕೊಂಡ) ಸರ್ಟಿಫಿಕೇಟ್‌ನ ಫಿಂಗರ್‌ಪ್ರಿಂಟನ್ನು ಸರ್ವರ್‌ನಲ್ಲೇ ನೋಡಿ ಹಾಕಿದರೆ ಅದೂ ಭದ್ರವೇ. ಯಂತ್ರಗಳು ಹೆಚ್ಚಾದಾಗ ಸಿಎ ಮಾಡಿದ್ದು ಸಾರ್ಥಕ.

ಈಗ ಹೆಸರಿನ ವಿಷಯ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ನಿಮ್ಮ ಡಿಎನ್ಎಸ್ ಸರ್ವರ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು) ಕೂಡ ಅದೇ ಹೋಸ್ಟ್‌ನ ಒಂದು ವಿಎಂ ಅಂತ ಬರೆದಿದ್ದೀರಿ. ಹೋಸ್ಟ್ ಕೈಕೊಟ್ಟ ದಿನ ಡಿಎನ್ಎಸ್ ಇರುವುದಿಲ್ಲ. ಡಿಎನ್ಎಸ್ ವಿಎಂ ರಿಸ್ಟೋರ್ ಮಾಡೋಣ ಅಂದರೆ ಬ್ಯಾಕಪ್ ಸರ್ವರ್‌ನ ಹೆಸರೇ ಸಿಗುವುದಿಲ್ಲ. ಐಪಿ ಹಾಕಿ ಪ್ರಯತ್ನಿಸಿದರೆ ಸರ್ಟಿಫಿಕೇಟ್‌ನಲ್ಲಿ ಐಪಿ ಇಲ್ಲ ಅಂತ ಕನೆಕ್ಷನ್ ಬೀಳುತ್ತದೆ. ಅದಕ್ಕೇ ಸರ್ಟಿಫಿಕೇಟ್‌ನ ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್‌ನಲ್ಲಿ (ಅದು ಯಾವ ಹೆಸರುಗಳಿಗೆ ಸಲ್ಲುತ್ತದೆ ಎಂಬ ಪಟ್ಟಿ) ಪೂರ್ತಿ ಹೆಸರೂ ಇರಲಿ, ಐಪಿಯೂ ಇರಲಿ. ಐಪಿಯನ್ನು ಡಿಎನ್ಎಸ್ ಅಂತ ಬರೆದರೆ ನಡೆಯುವುದಿಲ್ಲ, ಐಪಿ ಅಂತಲೇ ಬರೆಯಬೇಕು. ಜೊತೆಗೆ ಹೋಸ್ಟ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಬ್ಯಾಕಪ್ ಸರ್ವರ್‌ನ ಐಪಿ, ಹೆಸರು ಇರುವ ಒಂದು ಸಾಲು ಸೇರಿಸಿ.

ಸರ್ಟಿಫಿಕೇಟ್ ಮಾಡುವ ಓಪನ್‌ಎಸ್‌ಎಸ್‌ಎಲ್ ಸಾಧನದಲ್ಲಿ ಕೈಯಾರೆ ಸೈನ್ ಮಾಡುವವರು ಒಂದು ಗಮನಿಸಿ: ರಿಕ್ವೆಸ್ಟ್ ಫೈಲ್‌ನಲ್ಲಿ ಈ ಹೆಸರುಗಳನ್ನು ಬರೆದಿದ್ದರೂ ಎಕ್ಸ್509 ಕಮಾಂಡ್ ಸೈನ್ ಮಾಡುವಾಗ ಅವನ್ನು ತಾನಾಗಿ ಕಾಪಿ ಮಾಡುವುದಿಲ್ಲ. ಎಕ್ಸ್‌ಟ್‌ಫೈಲ್ ಆಪ್ಷನ್‌ನಲ್ಲಿ ಮತ್ತೆ ಕೊಡಬೇಕು, ಅಥವಾ 3.0ರಿಂದ ಬಂದಿರುವ ಕಾಪಿ-ಎಕ್ಸ್‌ಟೆನ್ಷನ್ಸ್ ಬಳಸಬೇಕು. ಅಪ್‌ಲೋಡ್ ಮಾಡುವ ಮೊದಲು ಸರ್ಟಿಫಿಕೇಟನ್ನು ಟೆಕ್ಸ್ಟ್ ಆಗಿ ತೆರೆದು ಆ ಹೆಸರುಗಳ ಸಾಲು ಕಣ್ಣಾರೆ ನೋಡಿ.

ಸಿಎಯ ಪ್ರೈವೇಟ್ ಕೀ ಬ್ಯಾಕಪ್ ಸರ್ವರ್ ಮೇಲೂ ಬೇಡ, ಯಾವ ವಿಎಂ ಒಳಗೂ ಬೇಡ. ಪಾಸ್‌ವರ್ಡ್ ಹಾಕಿ ಎರಡು ಪೆನ್‌ಡ್ರೈವ್‌ನಲ್ಲಿ ಬೇರೆ ಬೇರೆ ಕಡೆ ಇಡಿ. ಇನ್ನೊಂದು, ಸರ್ಟಿಫಿಕೇಟ್ ಕಾಯುವುದು ಡೇಟಾ ಹೋಗುವ ದಾರಿಯನ್ನು ಮಾತ್ರ. ಬ್ಯಾಕಪ್ ಡಿಸ್ಕ್ ಯಾರಾದರೂ ಕದ್ದರೆ ಡೇಟಾ ಕಾಪಾಡುವುದು ಕ್ಲೈಂಟ್ ಕಡೆಯ ಎನ್‌ಕ್ರಿಪ್ಷನ್. ಅದರ ಕೀ ಕಳೆದರೆ ನಿಮಗೂ ಆ ಬ್ಯಾಕಪ್ ಸಿಗುವುದಿಲ್ಲ, ಅದಕ್ಕೂ ಪ್ರತಿ ಇಡಿ.

ಎಲ್ಲ ಆದ ಮೇಲೆ ಹೋಸ್ಟ್‌ನಿಂದ ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್ ಕಮಾಂಡ್‌ನಲ್ಲಿ 8007ಕ್ಕೆ ಕನೆಕ್ಟ್ ಆಗಿ, ವೆರಿಫೈ-ಹೋಸ್ಟ್‌ನೇಮ್ ಆಪ್ಷನ್ ಸೇರಿಸಿ ನೋಡಿ. ಅದಿಲ್ಲದಿದ್ದರೆ ಹೆಸರು ತಪ್ಪಿದ್ದರೂ ಸರಿ ಅಂತಲೇ ತೋರಿಸುತ್ತದೆ. ರಿಟರ್ನ್ ಕೋಡ್ 0 ಬಂದರೆ ಮುಗಿಯಿತು. 20 ಅಥವಾ 21 ಬಂದರೆ ಸಿಎ ಸರಿಯಾಗಿ ಕೂತಿಲ್ಲ, 62 ಬಂದರೆ ಹೆಸರು ತಪ್ಪಿದೆ. 9 ಬಂದರೆ ಗಡಿಯಾರ ನೋಡಿ, ಹೋಸ್ಟ್‌ನ ಸಮಯ ಹಿಂದಿದ್ದರೆ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಅನ್ನುತ್ತದೆ. ಬೇರೆ ಏನಾದರೂ ಬಂದರೆ ಔಟ್‌ಪುಟ್ ಇಲ್ಲೇ ಹಾಕಿ, ನೋಡೋಣ. ಕೀ ಫೈಲ್ ಮಾತ್ರ ಹಾಕಬೇಡಿ.